ವಿಡಿಯೊ ಕಾಲ್ ಹೋಗ್ತಿಲ್ಲವೇ? ತಪ್ಪು ಅಳಿಯನದ್ದಲ್ಲ!

ಮಗಳು ಮದುವೆಯಾಗಿ ಶಾರ್ಜಾಕ್ಕೆ ಹೋಗಿದ್ದಾಳೆ. ಇಲ್ಲವೇ ನಿಮ್ಮವರು ದುಬೈಯಲ್ಲಿ ಕೆಲಸಕ್ಕೆ ಸೇರಿ ತಿಂಗಳಾಗಿದೆ. ವಿಮಾನ ಇಳಿದ ದಿನ ಏರ್‌ಪೋರ್ಟಿನಿಂದಲೇ ವಾಟ್ಸ್‌ಆ್ಯಪ್ ವಿಡಿಯೊ ಕಾಲ್ ಬಂದಿತ್ತು. ನಾಲ್ಕೈದು ದಿನ ಚೆನ್ನಾಗಿಯೇ ಮಾತಾಡಿದಿರಿ. ಆಮೇಲೆ ಏನಾಯಿತೋ ಏನೋ, ರಿಂಗ್ ಆಗುತ್ತೆ, ಆ ಕಡೆಯವರು ಎತ್ತುತ್ತಾರೆ, 'ಕನೆಕ್ಟಿಂಗ್' ಅಂತ ಬರುತ್ತೆ, ಅಷ್ಟೇ. ಮುಖವೂ ಇಲ್ಲ, ದನಿಯೂ ಇಲ್ಲ. ಸ್ವಲ್ಪ ಹೊತ್ತಿಗೆ ಒಂದು ಮೆಸೇಜು: 'ಇಲ್ಲಿ ವಾಟ್ಸ್‌ಆ್ಯಪ್ ಕಾಲ್ ಆಗಲ್ಲ.'

ಹೋದ ದಿನ ಆಗಿದ್ದು ಈಗ ಯಾಕೆ ಆಗಲ್ಲ? ತಲೆಯಲ್ಲಿ ಹುಳ ಹೊಕ್ಕುವುದು ಇಲ್ಲೇ ನೋಡಿ.

ನಮ್ಮ ಮನೆಯಲ್ಲೂ ಇದೇ ಆಯಿತು. ತಂಗಿ ಮದುವೆಯಾಗಿ ಶಾರ್ಜಾಕ್ಕೆ ಹೋದವಳು. ಅಮ್ಮ ಇರುವುದು ಉಡುಪಿ ಹತ್ತಿರದ ಹಳ್ಳಿಯಲ್ಲಿ. ಹತ್ತು ದಿನ ಮಗಳ ಮುಖ ಕಾಣದೆ ಹೋದಾಗ ಅಮ್ಮ ನನಗೆ ಫೋನ್ ಮಾಡಿ, 'ಮೊನ್ನೆವರೆಗೆ ಬರ್ತಿತ್ತಲ್ಲ, ಈಗೆಂತ ಆಯ್ತು ಮಾರಾಯ್ತಿ? ಅವಳಿಗೆ ಮುಖ ತೋರಿಸ್ಲಿಕ್ಕೆ ಬಿಡುದಿಲ್ವೋ ಏನೋ. ಅಲ್ಲೆಂತದೋ ಉಂಟು' ಅಂದರು. ಪಾಪ, ನನ್ನ ಭಾವ ಏನೂ ಮಾಡದೆ ಅಪರಾಧಿಯಾಗಿಬಿಟ್ಟಿದ್ದರು!

ಮೊದಲ ವಾರದ ಗುಟ್ಟು

ನಿಜ ಸಂಗತಿ ಏನೆಂದರೆ, ತಂಗಿ ಮೊದಲ ವಾರ ಇಲ್ಲಿಯ ಸಿಮ್ಮನ್ನೇ ರೋಮಿಂಗ್ ಹಾಕಿಸಿಕೊಂಡು ಬಳಸುತ್ತಿದ್ದಳು. ರೋಮಿಂಗ್‌ನಲ್ಲಿ ಇಂಟರ್‌ನೆಟ್ ಸಾಮಾನ್ಯವಾಗಿ ನಮ್ಮ ದೇಶದ ಕಂಪನಿಯ ಮೂಲಕವೇ ಸುತ್ತಿ ಬರುತ್ತದೆ. ಹಾಗಾಗಿ ಕೂತಿರುವುದು ಶಾರ್ಜಾದಲ್ಲಾದರೂ ಕಾಲ್ ಹೆಚ್ಚಾಗಿ ತಾಗುತ್ತದೆ. ಆ ಊರಿನ ಸಿಮ್ ಹಾಕಿದ ದಿನ, ಮನೆಗೆ ವೈಫೈ ಬಂದ ದಿನ ಆ ದಾರಿ ಮುಚ್ಚಿತು. ಅಷ್ಟೇ ಕಥೆ.

ಸಂಯುಕ್ತ ಅರಬ್ ಎಮಿರೇಟ್ಸ್ ಅಂದರೆ ದುಬೈ, ಅಬುಧಾಬಿ, ಶಾರ್ಜಾ ಮೊದಲಾದ ಏಳು ಸೇರಿದ ದೇಶದಲ್ಲಿ ಇಂಟರ್‌ನೆಟ್ ಮೂಲಕ ಮಾತಾಡಿಸುವ ಸೇವೆಗೆ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವುದು ಅಲ್ಲಿನ ಎರಡು ದೊಡ್ಡ ದೂರವಾಣಿ ಕಂಪನಿಗಳಿಗೆ, ಎತಿಸಲಾತ್ ಮತ್ತು ಡು. ಉಳಿದ ಆ್ಯಪ್‌ಗಳು ಇವರ ಜತೆ ಒಪ್ಪಂದ ಮಾಡಿಕೊಂಡು, ಅಲ್ಲಿನ ದೂರಸಂಪರ್ಕ ಪ್ರಾಧಿಕಾರದ ಅನುಮತಿ ಪಡೆಯಬೇಕು. ವಾಟ್ಸ್‌ಆ್ಯಪ್ ಕಾಲ್, ಐಫೋನಿನ ಫೇಸ್‌ಟೈಮ್ ಆ ಪಟ್ಟಿಯಲ್ಲಿಲ್ಲ. ಆದರೆ ವಾಟ್ಸ್‌ಆ್ಯಪ್‌ನ ಮೆಸೇಜು, ಫೋಟೊ, ರೆಕಾರ್ಡ್ ಮಾಡಿದ ವಿಡಿಯೊ, ವಾಯ್ಸ್ ಮೆಸೇಜ್ ಎಲ್ಲ ಆರಾಮಾಗಿ ಹೋಗುತ್ತವೆ. ಮುಚ್ಚಿರುವುದು ಕಾಲ್ ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೊಲ್ಲಿ ದೇಶಗಳಲ್ಲೆಲ್ಲ ಹೀಗೇ ಅಂದುಕೊಳ್ಳಬೇಡಿ. ಸೌದಿ ಅರೇಬಿಯಾ 2017ರ ಸೆಪ್ಟೆಂಬರಿನಲ್ಲೇ ಇಂಟರ್‌ನೆಟ್ ಕಾಲ್ ಮೇಲಿನ ನಿಷೇಧ ತೆಗೆಯುವುದಾಗಿ ಹೇಳಿತು. ಒಂದೊಂದು ದೇಶದ ನಿಯಮ ಒಂದೊಂದು. 'ನಮ್ಮ ಪಕ್ಕದ ಮನೆಯವರ ಮಗ ಕುವೈತಿಂದ ದಿನಾ ಮಾತಾಡ್ತಾನಲ್ಲ' ಅಂತ ಮಗಳ ಜತೆ ಜಗಳಕ್ಕೆ ಕೂರಬೇಡಿ.

'ವಿಪಿಎನ್ ಹಾಕ್ಕೋ, ಎಲ್ಲ ಸರಿ ಹೋಗುತ್ತೆ'

ಕಾಲ್ ಆಗ್ತಿಲ್ಲ ಅಂದ ಕೂಡಲೇ ಸಲಹೆ ಕೊಡುವವರು ಹತ್ತು ಜನ. ತಂಗಿಯ ಬಿಲ್ಡಿಂಗಿನಲ್ಲೂ ಒಬ್ಬಾಕೆ ಇದ್ದರು. 'ಎಲ್ಲರೂ ಮಾಡ್ತಾರೆ, ಏನಾಗಲ್ಲ' ಅಂತ ಒಂದು ಉಚಿತ ವಿಪಿಎನ್ ಆ್ಯಪ್ ಹಾಕಿಕೊಟ್ಟರು.

ವಿಪಿಎನ್ ಅಂದರೇನು? ಹೀಗೆ ಯೋಚಿಸಿ. ನೀವು ಅಮ್ಮನಿಗೆ ಒಂದು ಕಾಗದ ಬರೆದಿರಿ. ಆದರೆ ನಿಮ್ಮೂರಿನ ಅಂಚೆಯವರು ಆ ವಿಳಾಸಕ್ಕೆ ಕಾಗದ ತೆಗೆದುಕೊಳ್ಳುವುದಿಲ್ಲ. ಆಗ ನೀವು ಆ ಕಾಗದವನ್ನು ಇನ್ನೊಂದು ದೊಡ್ಡ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಬೇರೆ ಊರಿನ ಒಬ್ಬ ಪರಿಚಯದವನ ಹೆಸರಿಗೆ ಕಳಿಸುತ್ತೀರಿ. ಅವನು ಲಕೋಟೆ ಒಡೆದು ಒಳಗಿನ ಕಾಗದವನ್ನು ತನ್ನೂರಿನಿಂದ ಅಮ್ಮನಿಗೆ ಪೋಸ್ಟ್ ಮಾಡುತ್ತಾನೆ. ನಿಮ್ಮೂರಿನ ಅಂಚೆಯವರಿಗೆ ಕಾಣುವುದು ಹೊರಗಿನ ಲಕೋಟೆ ಮಾತ್ರ. ವಿಪಿಎನ್ ಮಾಡುವುದೂ ಇದನ್ನೇ. ಕಚೇರಿಗಳು, ಬ್ಯಾಂಕುಗಳು ತಮ್ಮ ಗುಟ್ಟು ಕಾಪಾಡಿಕೊಳ್ಳಲು ದಿನವೂ ಇದನ್ನು ಬಳಸುತ್ತವೆ. ಅದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ ಇರುವುದು ಆ ಮಧ್ಯದ ಪರಿಚಯದವನು ಯಾರು ಎನ್ನುವುದರಲ್ಲಿ. ಯಾವ ಕಾಗದ ಯಾರಿಗೆ, ಎಷ್ಟು ಹೊತ್ತಿಗೆ ಹೋಯಿತು ಎಂಬುದೆಲ್ಲ ಅವನಿಗೆ ಗೊತ್ತಾಗುತ್ತದೆ. ಅವನು ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತೇನೆ ಅಂದರೆ ಅವನ ಹೊಟ್ಟೆಪಾಡು ಹೇಗೆ ನಡೆಯುತ್ತದೆ ಹೇಳಿ?

ತಂಗಿಗೆ ನಾಲ್ಕು ದಿನ ಕಾಲ್ ಆಯಿತು. ಅಮ್ಮ ಖುಷಿ. ಐದನೆಯ ದಿನದಿಂದ ಫೋನ್ ಸುಮ್ಮನೆ ಇಟ್ಟರೂ ಬಿಸಿ. ತೆರೆದರೆ ಸಾಕು, ಜಾಹೀರಾತುಗಳ ಮೇಲೆ ಜಾಹೀರಾತು. ತಿಂಗಳ ಡೇಟಾ ವಾರಕ್ಕೇ ಖಾಲಿ. ಒಂದು ರಾತ್ರಿ, ತಾನು ಕೇಳದೇ ಇದ್ದ ಬ್ಯಾಂಕ್ ಒಟಿಪಿ ಮೂರು ಸಲ ಬಂತು. ಅದು ಆ ಆ್ಯಪ್‌ನದೇ ಕೆಲಸ ಅಂತ ಸಾಬೀತು ಮಾಡಲು ನಮಗೆ ಆಗಲಿಲ್ಲ. ಆದರೆ ಭಾವ ಅವತ್ತೇ ಅದನ್ನು ತೆಗೆಸಿದರು, ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿದರು. ದುಡ್ಡು ಹೋಗಲಿಲ್ಲ, ಪುಣ್ಯ.

ಇದು ನಮ್ಮೊಬ್ಬರ ಮನೆಯ ಭಯವಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಸಂಶೋಧಕರು ಬೇರೆಯವರೊಡನೆ ಸೇರಿ ಆಂಡ್ರಾಯ್ಡ್‌ನ 283 ವಿಪಿಎನ್ ಆ್ಯಪ್‌ಗಳನ್ನು ಬಿಚ್ಚಿ ನೋಡಿದರು. ನೂರಕ್ಕೆ 38ರಷ್ಟರಲ್ಲಿ ಕೆಡುಕು ಮಾಡುವ ತಂತ್ರಾಂಶದ ಗುರುತು ಸಿಕ್ಕಿತು. ನೂರಕ್ಕೆ 75ರಷ್ಟು ಆ್ಯಪ್‌ಗಳು ಬಳಸುವವರ ಬೆನ್ನು ಹತ್ತುವ ಬೇರೆ ಕಂಪನಿಗಳ ತಂತ್ರಾಂಶ ಇಟ್ಟುಕೊಂಡಿದ್ದವು. ನೂರಕ್ಕೆ 18ರಷ್ಟು ಆ್ಯಪ್‌ಗಳು ಮಾಹಿತಿಯನ್ನು ಗೂಢಲಿಪಿಗೆ ಬದಲಾಯಿಸುತ್ತಲೇ ಇರಲಿಲ್ಲ. ಅಂದರೆ ಲಕೋಟೆಗೆ ಅಂಟೇ ಇಲ್ಲ! 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ '911 ಎಸ್5' ಎಂಬ ದೊಡ್ಡ ಜಾಲವೊಂದನ್ನು ಹಿಡಿಯಿತು. ಉಚಿತ ವಿಪಿಎನ್ ಅಂತ ಜನ ಹಾಕಿಕೊಂಡಿದ್ದ ತಂತ್ರಾಂಶದ ಮೂಲಕ ಅವರ ಕಂಪ್ಯೂಟರುಗಳೊಳಗೆ ನುಗ್ಗಿ, ಆ ಸಂಪರ್ಕವನ್ನು ವಂಚಕರಿಗೆ ಬಾಡಿಗೆಗೆ ಕೊಡುತ್ತಿದ್ದರು. ಮೋಸ ಮಾಡುವವನು ಇನ್ಯಾರೋ, ಪತ್ತೆ ಹಚ್ಚಿದರೆ ಸಿಗುವುದು ನಿಮ್ಮ ಮನೆಯ ಇಂಟರ್‌ನೆಟ್ ವಿಳಾಸ!

ವಾಟ್ಸ್‌ಆ್ಯಪ್ ಮಾತುಕತೆ ಮೊದಲೇ ಬೀಗ ಹಾಕಿಕೊಂಡು ಹೋಗುವುದರಿಂದ ನೀವು ಅಮ್ಮನ ಜತೆ ಆಡಿದ ಮಾತು ವಿಪಿಎನ್‌ನವನಿಗೆ ಕೇಳಿಸದು, ಅಷ್ಟರ ಮಟ್ಟಿಗೆ ಸಮಾಧಾನ. ಆದರೆ ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕೂ ಇದೆ, ಮಗುವಿನ ಫೋಟೊಗಳೂ ಇವೆಯಲ್ಲ?

ಎಲ್ಲರೂ ಮಾಡ್ತಾರೆ, ನಿಜ. ಆದರೆ…

ಕಾಸು ಕೊಟ್ಟು ಒಳ್ಳೆಯ ವಿಪಿಎನ್ ತೆಗೆದುಕೊಂಡರೆ ಸರಿಯಲ್ಲವೇ ಅಂತ ನೀವು ಕೇಳಬಹುದು. ಕಳ್ಳ ಆ್ಯಪ್‌ನ ಭಯ ಕಡಿಮೆಯಾಗುತ್ತದೆ, ನಿಜ. ಕಾನೂನಿನ ಭಯ ಹೋಗುವುದಿಲ್ಲ.

ಆ ದೇಶದ 2021ರ ಸೈಬರ್ ಅಪರಾಧ ಕಾನೂನು (34ನೇ ನಂಬರಿನದು, 2022ರ ಜನವರಿಯಿಂದ ಜಾರಿಯಲ್ಲಿದೆ) ಹೇಳುವುದೇನೆಂದರೆ, ಅಪರಾಧ ಮಾಡಲು ಅಥವಾ ಅದು ಪತ್ತೆಯಾಗದಂತೆ ತಡೆಯಲು ತನ್ನ ಇಂಟರ್‌ನೆಟ್ ವಿಳಾಸ ಮರೆಮಾಚಿದವರಿಗೆ ಜೈಲು ಮತ್ತು 5 ಲಕ್ಷದಿಂದ 20 ಲಕ್ಷ ದಿರಹಂವರೆಗೆ ದಂಡ, ಇಲ್ಲವೇ ಇವೆರಡರಲ್ಲಿ ಒಂದು. 5 ಲಕ್ಷ ದಿರಹಂ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಕೋಟಿ ರೂಪಾಯಿಗೂ ಮೇಲಾಯಿತು. ವಿಪಿಎನ್ ಇಟ್ಟುಕೊಳ್ಳುವುದೇ ಅಪರಾಧ ಅಂತ ಕಾನೂನು ಹೇಳುವುದಿಲ್ಲ. ಕಂಪನಿಗಳು, ಬ್ಯಾಂಕುಗಳು ಬಳಸಲು ಅಡ್ಡಿಯಿಲ್ಲ ಎಂದು ಪ್ರಾಧಿಕಾರವೇ 2016ರಲ್ಲಿ ಸ್ಪಷ್ಟಪಡಿಸಿತ್ತು. ಆದರೆ ಅನುಮತಿ ಇಲ್ಲದ ಕಾಲ್ ಮಾಡಲೆಂದೇ ಅದನ್ನು ಹಾಕಿಕೊಂಡರೆ, ನೀವು ನಿಂತಿರುವುದು ಗೆರೆಯ ಆ ಕಡೆ.

ತಾಯಿ ಮಗಳು ಮಾತಾಡುವುದಕ್ಕೆ ಇಷ್ಟೆಲ್ಲ ಕಟ್ಟುಪಾಡೇ ಅಂತ ನನಗೂ ಸಿಟ್ಟು ಬರುತ್ತದೆ. ಈ ನಿಯಮ ಸರಿ ಅಂತ ನಾನು ಹೇಳಲಾರೆ. ಆದರೆ ಅಲ್ಲಿ ನಮ್ಮವರ ಕಾಲು ನಿಂತಿರುವುದು ಒಂದು ವೀಸಾದ ಮೇಲೆ. ಕೆಲಸ, ಮನೆ, ಮಗುವಿನ ಶಾಲೆ ಎಲ್ಲವೂ ಅದಕ್ಕೇ ಕಟ್ಟಿಕೊಂಡಿದೆ. 'ಅಯ್ಯೋ, ಏನೂ ಆಗಲ್ಲ, ಹಾಕ್ಕೋ' ಅಂತ ಊರಲ್ಲಿ ಕೂತು ಹೇಳುವುದು ಸುಲಭ ಕಣ್ರೀ. ಏನಾದರೂ ಆದರೆ ಅನುಭವಿಸುವವರು ಅವರು. ಹಾಗಾಗಿ ಅಮ್ಮಂದಿರೇ, ಅತ್ತೆಯರೇ, ದಯವಿಟ್ಟು ಈ ಒತ್ತಾಯ ಮಾತ್ರ ಮಾಡಬೇಡಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಇದೆಯಲ್ಲ, ಅದರಲ್ಲೇ ಮಾತಾಡು ಎನ್ನುವುದೂ ಬೇಡ. ಅದು ಆಫೀಸಿನ ಕೆಲಸಕ್ಕೆ ಕೊಟ್ಟಿದ್ದು.

ಹಾಗಾದರೆ ಮುಖ ನೋಡುವುದು ಹೇಗೆ?

ದಾರಿ ಇದೆ. ಬೋಟಿಮ್ ಎಂಬ ಆ್ಯಪ್ ಅಲ್ಲಿ ಅನುಮತಿ ಪಡೆದದ್ದು. ಇಲ್ಲಿಯೂ ನಡೆಯುತ್ತದೆ. ಎರಡೂ ಕಡೆಯವರ ಫೋನಿನಲ್ಲಿ ಅದು ಇರಬೇಕು, ಅಷ್ಟೇ. ಸಿಮ್ ತೆಗೆದುಕೊಳ್ಳುವಾಗಲೇ ಅದಕ್ಕೆ ಬೇರೆ ಇಂಟರ್‌ನೆಟ್ ಕಾಲಿಂಗ್ ಪ್ಯಾಕ್ ಹಾಕಿಸಬೇಕೇ, ಎಷ್ಟು ಅಂತ ಕೇಳಿಕೊಳ್ಳಲು ಮಗಳಿಗೆ ಹೇಳಿ. ಆಫೀಸು, ಶಾಲೆಗಳಲ್ಲಿ ಬಳಸುವ ಮೈಕ್ರೋಸಾಫ್ಟ್ ಟೀಮ್ಸ್, ಝೂಮ್, ಗೂಗಲ್ ಮೀಟ್ ಕೂಡ ಅಲ್ಲಿ ನಡೆಯುತ್ತವೆ. ಕೊರೊನಾ ಬಂದ 2020ರಲ್ಲಿ ಮನೆಯಿಂದ ಕೆಲಸ, ಪಾಠ ಶುರುವಾದಾಗ ಇಂಥವಕ್ಕೆ ಬಾಗಿಲು ತೆರೆದರು. ಉಚಿತ ಝೂಮ್ 40 ನಿಮಿಷಕ್ಕೆ ಕಟ್ ಆಗುತ್ತದೆ. ಕೆಲವು ಬೀಗರ ಜತೆ ಮಾತಾಡುವಾಗ ಅದೂ ಒಂದು ಅನುಕೂಲವೇ ಬಿಡಿ! ಸ್ಕೈಪ್ ಹಾಕಿಕೊಳ್ಳಿ ಅಂತ ಯಾರಾದರೂ ಹಳೆಯ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. 2025ರ ಮೇ ತಿಂಗಳಲ್ಲಿ ಸ್ಕೈಪೇ ಜಗತ್ತಿನಾದ್ಯಂತ ಬಾಗಿಲು ಹಾಕಿತು.

ಈ ಆ್ಯಪ್‌ಗಳನ್ನು ಫೋನಿನ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನಿಂದಲೇ ಹಾಕಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ 'ಎಪಿಕೆ' ಫೈಲನ್ನು ಒತ್ತಬೇಡಿ, ಕಳಿಸಿದವರು ನಿಮ್ಮ ನಾದಿನಿಯೇ ಆಗಿದ್ದರೂ ಸರಿ. ಒತ್ತಿ ದುಡ್ಡು ಹೋಯಿತೋ, ತಡ ಮಾಡದೆ ನಮ್ಮ ದೇಶದ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಮ್ಮನಿಗೆ ಬೋಟಿಮ್ ಕಲಿಸಲು ನನಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು. 'ಮತ್ತೊಂದು ಆ್ಯಪು ಬೇಡ ಮಾರಾಯ್ತಿ' ಅಂತ ಶುರು ಮಾಡಿದರು. ಕೊನೆಗೆ ತಂಗಿಯ ಮುಖ ಪರದೆ ಮೇಲೆ ಬಂದಾಗ ಅಮ್ಮ ಕೇಳಿದ ಮೊದಲ ಮಾತು, 'ಅಡುಗೆಮನೆ ತೋರಿಸು.' ಡಬ್ಬಿಗಳಲ್ಲಿ ಅಕ್ಕಿ, ಬೇಳೆ ಇರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಭಾವನ ಮೇಲಿನ ಅನುಮಾನ ಇಳಿದದ್ದು.

ಹೊತ್ತು ನೋಡಿ ಕಾಲ್ ಮಾಡಿ. ಅವರ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನಿಮ್ಮ ರಾತ್ರಿ 9 ಗಂಟೆ ಅಂದರೆ ಅಲ್ಲಿ ಏಳೂವರೆ, ಅಳಿಯ ಇನ್ನೂ ಟ್ರಾಫಿಕ್ಕಿನಲ್ಲಿ ಇರುತ್ತಾನೆ. ಮಾತಾಡಲು ಆಗದ ದಿನ ವಾಯ್ಸ್ ಮೆಸೇಜ್ ಕಳಿಸಿ. ಕೊಲ್ಲಿಗೆ ಹೋದ ಹಿಂದಿನ ತಲೆಮಾರಿನವರು ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಊರಿಗೆ ಬರುವವರ ಕೈಲಿ ಕಳಿಸುತ್ತಿದ್ದರು. ಮನೆಮಂದಿಯೆಲ್ಲ ಟೇಪ್ ರೆಕಾರ್ಡರ್ ಸುತ್ತ ಕೂತು ಕೇಳುತ್ತಿದ್ದರು. ಅದಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು. ತಂಗಿ ಈಗ ಸಾರಿಗೆ ಒಗ್ಗರಣೆ ಹಾಕುತ್ತಲೇ ಅಮ್ಮನಿಗೆ ಎರಡು ನಿಮಿಷದ ಮಾತು ಕಳಿಸುತ್ತಾಳೆ, ಒಗ್ಗರಣೆ ಸದ್ದಿನ ಸಮೇತ.

ಚೀನಾಕ್ಕೆ ಓದಲು ಹೋದ ಮಕ್ಕಳ ತಾಯಂದಿರ ಕಷ್ಟವೇ ಬೇರೆ. ಅಲ್ಲಿ 2017ರಿಂದ ವಾಟ್ಸ್‌ಆ್ಯಪ್‌ಗೇ ತಡೆ. ಅಲ್ಲಿ ಎಲ್ಲರೂ ಬಳಸುವ ವೀಚಾಟ್ ಅನ್ನು ನಮ್ಮ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿತು. ಆ ಕಡೆ ಇದಿಲ್ಲ, ಈ ಕಡೆ ಅದಿಲ್ಲ! ಅಂಥವರು ಟೀಮ್ಸ್‌ನಂಥ ದಾರಿಯನ್ನು ಮಗ ವಿಮಾನ ಹತ್ತುವ ಮೊದಲೇ ಎರಡೂ ಫೋನುಗಳಲ್ಲಿ ಸಿದ್ಧ ಮಾಡಿಟ್ಟುಕೊಳ್ಳಬೇಕು. ರಷ್ಯಾದಲ್ಲಿ ಓದುವ ಮಕ್ಕಳಿಗೂ 2025ರ ಆಗಸ್ಟಿನಿಂದ ವಾಟ್ಸ್‌ಆ್ಯಪ್, ಟೆಲಿಗ್ರಾಂ ಕಾಲ್‌ಗಳ ತೊಂದರೆ ಶುರುವಾಗಿದೆ.

ಮೆಸೇಜೂ ಇಲ್ಲವೆಂದರೆ…

ಮೊದಲು ಒಂದು ವಿಷಯ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ? ಎಮಿರೇಟ್ಸ್‌ನಲ್ಲಿ ತಡೆ ಇರುವುದು ಕಾಲ್‌ಗೆ, ಮೆಸೇಜಿಗಲ್ಲ. ಹಾಗಾಗಿ ವಿಡಿಯೊ ಕಾಲ್ ಬರದಿದ್ದರೆ ಗಾಬರಿ ಬೇಡ. ಆದರೆ ಮೆಸೇಜೂ ಇಲ್ಲ, ವಾಯ್ಸ್ ಮೆಸೇಜೂ ಇಲ್ಲ, ಕಳಿಸಿದ್ದಕ್ಕೆ ಎರಡು ಗೆರೆಯೂ ಬೀಳುತ್ತಿಲ್ಲ, ದಿನಗಳೇ ಕಳೆದವು ಅಂದರೆ ಅದನ್ನು 'ಅಲ್ಲಿ ನೆಟ್ ಬ್ಲಾಕ್ ಅಂತೆ' ಅಂತ ಬಿಟ್ಟುಬಿಡಬೇಡಿ. ಮನೆಗೆಲಸಕ್ಕೆಂದು ಹೋದ ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಬಹಳ ಮುಖ್ಯ. ಏಜೆಂಟ್ ಅದನ್ನೇ ನೆವ ಹೇಳುತ್ತಿದ್ದರೂ ನಂಬಬೇಡಿ. ಆಕೆಯ ಫೋನನ್ನೇ ಕಿತ್ತಿಟ್ಟುಕೊಂಡಿರಬಹುದು. ನಮ್ಮ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ಮನೆಯವರೇ ದೂರು ದಾಖಲಿಸಬಹುದು. ಅಬುಧಾಬಿಯಲ್ಲಿ ರಾಯಭಾರ ಕಚೇರಿ, ದುಬೈಯಲ್ಲಿ ಕಾನ್ಸುಲೇಟ್ ಇವೆ. ದೂರು ಕೊಡುವಾಗ ಪಾಸ್‌ಪೋರ್ಟ್ ನಂಬರ್ ಕೇಳುತ್ತಾರೆ. ಆಕೆ ಹೊರಡುವ ಮೊದಲೇ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು ಪತ್ರಗಳ ಜೆರಾಕ್ಸ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ.

ಒಂದು ರಾತ್ರಿ ಆದದ್ದು

ಕಳೆದ ಮಳೆಗಾಲದಲ್ಲಿ ಅಪ್ಪ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅಕ್ಕಪಕ್ಕದವರು ಸೇರಿ ಆಸ್ಪತ್ರೆಗೆ ಸೇರಿಸಿದರು. ಆ ಗಾಬರಿಯಲ್ಲಿ ಅಮ್ಮ ತಂಗಿಗೆ ಕಾಲ್ ಮಾಡಿದ್ದು ಅಭ್ಯಾಸಬಲದಿಂದ ವಾಟ್ಸ್‌ಆ್ಯಪ್‌ನಲ್ಲೇ. ಹತ್ತು ಸಲ ಮಾಡಿದರೂ ತಾಗಲಿಲ್ಲ. ಬೋಟಿಮ್ ಹಾಕಿದ್ದ ಟ್ಯಾಬ್ ಮನೆಯಲ್ಲೇ ಉಳಿದಿತ್ತು. ಮಾಮೂಲಿ ಫೋನ್ ಕಾಲ್ ಮಾಡೋಣವೆಂದರೆ ಅಮ್ಮನ ಪ್ರೀಪೇಯ್ಡ್ ಸಿಮ್ಮಿಗೆ ಐಎಸ್‌ಡಿ ಸೌಲಭ್ಯವೇ ಇರಲಿಲ್ಲ. ನನ್ನ ಫೋನ್ ಆ ರಾತ್ರಿ ಸೈಲೆಂಟ್‌ನಲ್ಲಿತ್ತು, ಅದು ನನ್ನ ತಪ್ಪು. ತಂಗಿಗೆ ವಿಷಯ ಗೊತ್ತಾದದ್ದು ಬೆಳಿಗ್ಗೆ. 'ನಾನು ಎದ್ದೇ ಇದ್ದೆ ಅಕ್ಕಾ, ಮಗುವಿಗೆ ಜ್ವರ ಅಂತ ರಾತ್ರಿಯೆಲ್ಲ ಎದ್ದೇ ಇದ್ದೆ' ಅಂತ ಅವಳು ಅತ್ತದ್ದು ಇನ್ನೂ ಕಿವಿಯಲ್ಲಿದೆ.

ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ನಾವು ಮಾಡಿಕೊಂಡ ವ್ಯವಸ್ಥೆ ಇಷ್ಟು. ಅಮ್ಮನ ಸಿಮ್ಮಿಗೆ ಐಎಸ್‌ಡಿ ತೆರೆಸಿದೆವು. ನಮ್ಮಲ್ಲಿ ಕೇಳದೆ ಇದನ್ನು ತೆರೆದುಕೊಡುವುದಿಲ್ಲ, ನೀವೇ ಕಂಪನಿಗೆ ಹೇಳಬೇಕು. ದರ ಎಷ್ಟು, ಪ್ಯಾಕ್ ಇದೆಯೇ ಅಂತಲೂ ಕೇಳಿಕೊಳ್ಳಿ. ಕಾಲ್ ಹೋಗುವಷ್ಟು ಹಣ ಯಾವಾಗಲೂ ಫೋನಿನಲ್ಲಿರಲಿ. ಬೋಟಿಮ್ ಅನ್ನು ಟ್ಯಾಬಿನ ಜತೆಗೆ ಅಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಫೋನಿಗೂ ಹಾಕಿದೆವು. ತಂಗಿಯ ನಂಬರು, ಭಾವನ ನಂಬರು, ಅವರ ಎದುರು ಮನೆಯವರ ನಂಬರು, ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ದೇವರ ಕೋಣೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದೇವೆ. ಬರೆಯುವಾಗ ಒಂದು ಎಚ್ಚರ: ಅಲ್ಲಿನವರು ತಮ್ಮ ಮೊಬೈಲ್ ನಂಬರನ್ನು 05 ಅಂತ ಶುರು ಮಾಡಿ ಹೇಳುತ್ತಾರೆ. ಇಲ್ಲಿಂದ ಮಾಡುವಾಗ ಆ ಸೊನ್ನೆ ಬಿಟ್ಟು, 00971 ಸೇರಿಸಿ, ಆಮೇಲೆ 5ರಿಂದ ಒತ್ತಬೇಕು.

ಅಂಟಿಸಿದ ದಿನವೇ ಒಮ್ಮೆ ಮಾಡಿ ನೋಡಿ ಅಂದೆ ಅಮ್ಮನಿಗೆ. ಮಾಡಿದರು. ತಂಗಿ ಗಾಬರಿಯಿಂದ ಎತ್ತಿ 'ಎಂತ ಆಯ್ತಮ್ಮಾ?' ಅಂದಳು. 'ಎಂತ ಇಲ್ಲ, ಸುಮ್ನೆ ತಾಗ್ತದಾ ನೋಡ್ಲಿಕ್ಕೆ ಮಾಡಿದ್ದು. ದುಡ್ಡು ಹೋಗ್ತದೆ, ಇಡ್ತೇನೆ' ಅಂತ ಇಟ್ಟೇಬಿಟ್ಟರು.